ಬಿಳಿ ಜಾಕ್‌ವೆಲ್ಲಿನ ಮಳೆಗಾಲ

ಹೋದ ತಿಂಗಳು ತವರಿಗೆ ಹೊರಟವಳು ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ನೇಸರಿ ಬಸ್ಸಿಗಾಗಿ ಕಾಯುತ್ತಿದ್ದೆ. ಹಿಂದಿನ ಓಣಿಯಲ್ಲಿ ಯಾರೋ ಹಳೇ ಗೋಡೆಗೆ ಹಚ್ಚಲು ಡ್ರಮ್ಮಿನ ನೀರಿಗೆ ಸುಣ್ಣದ ಹರಳು ಸುರಿದಿದ್ದರು. ಅದು ಕೊತಕೊತ ಕುದಿದು ಆ ಬಿಸಿ ವಾಸನೆ ಮೂಗಿಗೆ ಬಡಿಯಿತು. ಈಗ ಎಲ್ಲೆಲ್ಲೂ ಡಬ್ಬಿ ಬಣ್ಣದ ಕಾಲ, ಸುಣ್ಣ ಕುದಿಸುವವರೇ ಅಪರೂಪ. ನಿಂತಲ್ಲೇ ನಿಂತೆ. ಬಸ್ಸು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಮುಂದಿನ ಬಸ್ಸು ಬರುವವರೆಗೆ ನಾನು ಕೃಷ್ಣೆಯ ದಂಡೆಯ ಮೇಲಿದ್ದೆ, ಪಂಚಾಯತಿ ಮೆಂಬರ್ ಆಗಿದ್ದ ಕಾಲದ ಒಂದು ಮಳೆಗಾಲದಲ್ಲಿ.

ನಾವೀಗ ಇಚಲಕರಂಜಿಯಲ್ಲಿದ್ದೇವೆ, ಮಗ್ಗದ ಸದ್ದಿನ ನಡುವೆ. ಆಗ ನಾನಿದ್ದದ್ದು ನನ್ನನ್ನು ಕೊಟ್ಟ ಊರಲ್ಲಿ, ಕುರುಂದವಾಡದಿಂದ ಕೆಳಗೆ, ಹೊಳೆಯ ಈಚೆ ದಂಡೆಗೆ. ನಮ್ಮ ಅರ್ಧ ಹೊಲಗಳು ಆಚೆ ದಂಡೆಗೆ. ಅಲ್ಲೊಂದಿಷ್ಟು ತೋಟದ ಮನೆಗಳು. ನಡುವೆ ಒಂದು ಬಂಧಾರಾ, ನಮ್ಮ ಜಿಲ್ಲೆಯಲ್ಲೆಲ್ಲ ಕಾಣುವಂಥದು: ಸಾಲಾಗಿ ಕಲ್ಲಿನ ಕಂಬ, ಮೇಲೆ ಒಂದು ಗಾಡಿ ಹೋಗುವಷ್ಟು ದಾರಿ. ಬೇಸಿಗೆಗೆ ಕಂಬಗಳ ನಡುವೆ ಕಬ್ಬಿಣದ ಹಲಗೆ ಇಳಿಬಿಟ್ಟು ನೀರು ನಿಲ್ಲಿಸುತ್ತಾರೆ, ಮಳೆ ಬರುವ ಮುಂಚೆ ಹಲಗೆ ತೆಗೆಯುತ್ತಾರೆ. ಹೊಸ ನೀರು ಬಂತೆಂದರೆ ಕಂಬವೂ ದಾರಿಯೂ ಮುಳುಗಿ ಕಾಣದಾಗುತ್ತವೆ. ಆಮೇಲೆ ದಸರೆಯತನಕ ಆಚೆ ಈಚೆ ಓಡಾಟಕ್ಕೆ ಮಾರುತಿ ಅಂಬಿಗನ ನಾವೆಯೇ ಗತಿ.

ನಾವೆ ದಾಟುವುದರಲ್ಲಿ ಒಂದು ಗುಟ್ಟಿದೆ, ಊರಿಗೆಲ್ಲ ಗೊತ್ತಿರುವ ಗುಟ್ಟು. ಆಚೆ ದಂಡೆಯಲ್ಲಿ ಎರಡು ಜಾಕ್‌ವೆಲ್. ಹೊಳೆಯ ನೀರನ್ನು ಕಬ್ಬಿನ ಗದ್ದೆಗೆ ಎತ್ತುವ ಮೋಟಾರು ಕೂತಿರುವ, ಗೋಪುರದಂಥ ಕಾಂಕ್ರೀಟ್ ಬಾವಿಗಳವು. ಬಂಧಾರೆಗಿಂತ ಮೇಲಿನದು ನಮ್ಮ ಮೇಲಿನ ನೀರು ಸಂಸ್ಥೆಯದು, ಬಂಧಾರೆ ದಾಟಿ ಕೆಳಗಿನದು ಕೆಳಗಿನ ಸಂಸ್ಥೆಯದು. ಮೇಲಿನ ಜಾಕ್‌ವೆಲ್ಲಿನ ಹೊಳೆಯ ಕಡೆಯ ಮೈಗೆ ಪ್ರತಿ ವರ್ಷ, ಬಂಧಾರೆಯ ಹಲಗೆ ತೆಗೆಯುವ ದಿನವೇ, ಸುಣ್ಣ ಹಚ್ಚುವುದು ನಮ್ಮೂರ ಪದ್ಧತಿ. ಮಾರುತಿ ಈಚೆ ದಂಡೆ ಬಿಟ್ಟ ಕೂಡಲೇ ನಾವೆಯ ಮೂತಿಯನ್ನು ಆ ಬಿಳಿಗೆ ಹಿಡಿಯುತ್ತಿದ್ದ. ಬಿಳಿಗೆ ಹಿಡಿದರೆ ಬಂಧಾರೆಯ ಕಂಬಗಳು ದೂರ ಉಳಿಯುತ್ತವೆ. ಸ್ವಲ್ಪ ಕೆಳಗೆ ಜಾರಿದರೆ ನೀರೊಳಗಿನ ಕಂಬದ ತಲೆ ನಾವೆಯ ಹೊಟ್ಟೆ ಸೀಳುತ್ತದೆ. ಅಷ್ಟೇ ಲೆಕ್ಕ. ಸುಣ್ಣ ಸಂಸ್ಥೆಯದು, ಹಚ್ಚುವ ಕೈ ಭರಮಾ ಅಣ್ಣನದು. ಭರಮಾ ಅಣ್ಣ ಮೇಲಿನ ಸಂಸ್ಥೆಯ ಮೋಟಾರು ನೋಡಿಕೊಳ್ಳುತ್ತ ಆಚೆ ದಂಡೆಯಲ್ಲೇ ಮನೆ ಮಾಡಿಕೊಂಡಿದ್ದವರು. ಈ ಬಿಳಿ ಯಾರ ಜವಾಬ್ದಾರಿ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ಆ ವರ್ಷ ಕೇಳಿದರು. ತಾಲೂಕು ಕಚೇರಿಯಿಂದ ಸುದ್ದಿ ಬಂತು: ಇನ್ನು ಮುಂದೆ ನಾವೆ ನಡೆಸಲು ಹೊಸ ಪರವಾನಗಿ ಬೇಕು. ತಪ್ಪಲ್ಲ, ಬೇಕಾದ್ದೇ. ಜಾಕೆಟ್ ಇರಬೇಕು, ತಪಾಸಣೆ ಆಗಬೇಕು, ಮುಳುಗಿದ ಬಂಧಾರೆಗೆ ಗುರುತು ಇರಬೇಕು, ಆ ಗುರುತು ಕಾಯುವವರ ಹೆಸರು ಕೊಡಬೇಕು. ಓಡಾಟದ ಕೆಲಸ ನನ್ನ ಕೊರಳಿಗೆ ಬಿತ್ತು, ಮೆಂಬರ್ ಅಲ್ಲವೇ! ನಾವೆಯ ವಿಷಯಕ್ಕೆ ಒಂದು ಕಚೇರಿ, ಬಂಧಾರೆಗೆ ಇನ್ನೊಂದು, ನಾವೆ ನಿಲ್ಲುವ ಘಾಟಿಗೆ ನಮ್ಮ ಪಂಚಾಯತಿ. ಇವರು ಅವರ ಒಪ್ಪಿಗೆ ತನ್ನಿ ಅಂದರೆ ಅವರು ಇವರದ್ದು ತನ್ನಿ ಅನ್ನುವರು. ಶಿರೋಳಕ್ಕೂ ಕೊಲ್ಹಾಪುರಕ್ಕೂ ಬಸ್ಸಿನಲ್ಲಿ ಅಲೆದು ನನ್ನ ಎರಡು ಜೋಡಿ ಚಪ್ಪಲಿ ಹರಿದವು. ಕಡೆಗೆ ಎಲ್ಲ ಕೂಡಿಬಂತು, ಆ ಒಂದು ಹೆಸರು ಬಿಟ್ಟು.

ಮೇಲಿನ ಸಂಸ್ಥೆಯ ಚೇರಮನ್ನರು ಬೇರೆ ಯಾರೂ ಅಲ್ಲ, ನನ್ನ ಮಾವನವರು. ಬಸದಿಗೆ ಹೋಗಿ ಬಂದು ಜೋಕಾಲಿಯ ಮೇಲೆ ಕೂತಾಗ ಕೇಳಿದೆ.

“ನಿಮ್ಮ ಹೆಸರ ಹಾಕಲ್ರಿ ಮಾವಾರ?”

“ನಂದ್ಯಾಕ? ಸುಣ್ಣ ಹಚ್ಚಾಂವ ಭರಮಾ. ನಾ ಜಾಕ್‌ವೆಲ್ ಏರಿ ಯಾವ ಕಾಲಾತು?”

“ಜಾಕ್‌ವೆಲ್ ಸಂಸ್ಥೆದ್ದಲ್ರಿ?”

“ಜಾಕ್‌ವೆಲ್ ಸಂಸ್ಥೆದ್ದು. ಬಿಳಿ ಊರದ್ದು. ನಾಳೆ ಏನರ ಆತಂದ್ರ ಪೊಲೀಸ್ರು ಯಾರ ಮನಿಗಿ ಬರ್ತಾರ? ಕಾಗದದಾಗ ಹೆಸರಿದ್ದಾಂವನ ಮನಿಗಿ.”

ಅಷ್ಟಕ್ಕೇ ನಿಲ್ಲಲಿಲ್ಲ. ಸುಣ್ಣ ಹಚ್ಚಿದವನೇ ಜವಾಬ್ದಾರ ಎಂದಾಗುತ್ತದೆ, ಈ ವರ್ಷ ಯಾರೂ ಹಚ್ಚಬೇಡಿ ಎಂದು ಭರಮಾ ಅಣ್ಣನಿಗೂ ಫೋನ್ ಮಾಡಿ ಹೇಳಿದರು. ನನಗೆ ತಲೆಯ ಮೇಲೆ ನೀರು ಸುರಿದಂತಾಯಿತು. ಇಷ್ಟು ವರ್ಷ ಯಾರೂ ಹೇಳದೆ ನಡೆದ ಕೆಲಸ, ಹೆಸರು ಬರೆಯಿರಿ ಅಂದ ಕೂಡಲೇ ನಿಂತುಹೋಯಿತು! ಮಾವನವರು ಕೆಟ್ಟವರಲ್ಲ. ಇರುವೆಯನ್ನೂ ನೋಡಿ ಕಾಲಿಡುವವರು. ಆದರೆ ಆ ದಿನ ಅವರ ಮೇಲೆ ನನಗೆ ಬಂದ ಸಿಟ್ಟು ಎಷ್ಟೆಂದರೆ ಅಂದಿನಿಂದ ಅವರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕತೊಡಗಿದೆ.

ಸಿಟ್ಟಿಗೆ ಕಾರಣ ಭರಮಾ ಅಣ್ಣನ ಸ್ಥಿತಿ. ಅವರಿಗೆ ಆಗಲೇ ಕಿಡ್ನಿ ಎರಡೂ ಕೈಕೊಟ್ಟಿದ್ದವು. ಮಂಗಳವಾರ ಮತ್ತು ಶುಕ್ರವಾರ ಇಚಲಕರಂಜಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಆಚೆ ದಂಡೆಯ ಮಣ್ಣುರಸ್ತೆ ಮಳೆ ಬಿತ್ತೆಂದರೆ ಟ್ರ್ಯಾಕ್ಟರಿಗೂ ದಾರಿ ಕೊಡದು. ನಾವೆ ಒಂದೇ. ಹೆಂಡತಿ ಅಕ್ಕಾತಾಯಿ ಒಂದು ಸರದಿಯೂ ತಪ್ಪಿಸದೆ ಜೊತೆಗಿರುತ್ತಿದ್ದಳು. ಗಟ್ಟಿ ಹೆಂಗಸು, ಮಾತು ಕಡಿಮೆ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಮನೆಯಲ್ಲೇ ಇರಿ ಎಂದು ನಾನು ಒಮ್ಮೆ ಕರೆದಾಗ ಅವಳು ನನ್ನನ್ನು ಎಮ್ಮೆಯ ಕೊಟ್ಟಿಗೆಯ ಹಿಂದೆ ಕರೆದೊಯ್ದಳು.

“ನೀವು ಕರದಿದ್ದ ಭಾಳ ಆತು ವೈನಿ. ಅವ್ರು ಬರೂದಿಲ್ಲ. ಸೂಜಿಗಿ ಬ್ಯಾಸತ್ತಾರ. ಯಾವಾಗ ಬಿಡ್ಲಿ, ಯಾವಾಗ ಬಿಡ್ಲಿ ಅಂತ ಒಂದು ನೆವ ಹುಡಕಾಕತ್ತಾರ. ನಾವ ನಿಂತ್ರ ಅವ್ರೂ ನಿಂತಬಿಡ್ತಾರ.”

ಅಂದಿನಿಂದ ಆ ಪರವಾನಗಿ ನನಗೆ ಕಚೇರಿಯ ಕೆಲಸವಾಗಿ ಉಳಿಯಲಿಲ್ಲ.

ಮಳೆ ಹಿಡಿಯಿತು. ಮೊದಲು ಕೆಂಪು ನೀರು ಬಂತು, ಅದರ ಮೇಲೆ ತೇಲುವ ಕಸ, ಆಮೇಲೆ ಬಂಧಾರೆಯ ದಾರಿ ಮುಳುಗಿತು. ಪರವಾನಗಿ ಬರುವತನಕ ನಡೆಯಲಿ ಎಂದು ತಾತ್ಕಾಲಿಕ ಒಪ್ಪಿಗೆ ಸಿಕ್ಕಿತ್ತು, ನಾವೆ ಹೊರಟಿತು. ಮೇಲಿನ ಜಾಕ್‌ವೆಲ್ಲಿನ ಹೋದ ವರ್ಷದ ಸುಣ್ಣ ತೊಳೆದುಹೋಗಿ ಮೈ ಬೂದಿಯಾಗಿತ್ತು. ಮಾರುತಿ ರೂಢಿಯ ಮೇಲೆ ದಾಟಿಸುತ್ತಿದ್ದ. ನಾನು ದಿನಾ ಬೆಳಗ್ಗೆ ಘಾಟಿಗೆ ಹೋಗಿ ನಿಂತು ನೋಡುತ್ತಿದ್ದೆ. ನೋಡಿ ಮಾಡುವುದೇನಿರಲಿಲ್ಲ, ಆದರೂ ಹೋಗುತ್ತಿದ್ದೆ.

ಅಷ್ಟರಲ್ಲಿ ಕೆಳಗಿನ ಸಂಸ್ಥೆಯ ಆದಗೊಂಡ ಅಣ್ಣನಿಗೆ ಸುದ್ದಿ ಮುಟ್ಟಿತು. ಅವರು ಆ ಸಂಸ್ಥೆಯ ಚೇರಮನ್, ದೊಡ್ಡ ಮನಸ್ಸಿನ ಮನುಷ್ಯ. ನಮ್ಮ ಮಾವನವರೊಂದಿಗೆ ಅವರಿಗೆ ಹಳೇ ಪೈಪೋಟಿ. ಇವರು ಹತ್ತು ಜನಕ್ಕೆ ಊಟ ಹಾಕಿದರೆ ಅವರು ಇಪ್ಪತ್ತು ಜನಕ್ಕೆ ಹಾಕಬೇಕು. “ಮ್ಯಾಲಿನವ್ರು ಅಂಜ್ಯಾರ? ನಾವು ಅಂಜೂದಿಲ್ಲ. ಗುರುತು ನಮ್ಮ ಜಾಕ್‌ವೆಲ್ ಆಗ್ಲಿ, ಹೆಸರೂ ನಮ್ದ ಆಗ್ಲಿ” ಎಂದು ಆಳು ಹಚ್ಚಿ, ತಮ್ಮ ಜಾಕ್‌ವೆಲ್ಲಿಗೆ ಎರಡು ಕೈ ಸುಣ್ಣ ಬಳಿಸಿಯೇಬಿಟ್ಟರು. ನೀಲಿಯನ್ನೂ ಕೂಡಿಸಿದ್ದರು, ಮದುವೆ ಮನೆಯ ಧೋತರದಂತೆ ಹೊಳೆಯುತ್ತಿತ್ತು. ಅವರು ಆಚೆ ಹೊಲಕ್ಕೆ ಹೋಗುವುದು ಕಾರಿನಲ್ಲಿ, ಬೇಸಿಗೆಯಲ್ಲಿ. ನಾವೆ ಹತ್ತಿ ಎಷ್ಟು ವರ್ಷವಾಗಿತ್ತೋ. ಬಿಳಿ ಎಲ್ಲಿದ್ದರೇನು, ಬಿಳಿಯೇ ತಾನೆ ಎಂದು ತಿಳಿದಿದ್ದರು. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಖುಷಿಯಲ್ಲಿ ಯಾರಿಗೂ ಹೇಳಲೂ ಇಲ್ಲ.

ಅಂದು ಮಂಗಳವಾರ, ಸುಣ್ಣ ಬಿದ್ದದ್ದು ಬೆಳಗಿನ ನಾವೆ ಈಚೆ ಬಂದ ಮೇಲೆ. ಸಂಜೆ ಭರಮಾ ಅಣ್ಣ, ಅಕ್ಕಾತಾಯಿ ಇಚಲಕರಂಜಿಯಿಂದ ಮರಳಿ ಬಂದಿದ್ದರು. ಆಚೆ ತೋಟದವರ ಸಹಿ ಬೇಕಿತ್ತೆಂದು ನಾನೂ ಅದೇ ನಾವೆ ಹತ್ತಿದೆ. ಜಿಟಿಜಿಟಿ ಮಳೆ, ಹೊಳೆಯ ಮೇಲೆ ಮಂಜಿನಂಥ ಬಿಳುಪು, ಆಚೆ ದಂಡೆ ಸರಿಯಾಗಿ ಕಾಣುತ್ತಿರಲಿಲ್ಲ. ಅದರೊಳಗಿಂದ ಒಂದು ಬಿಳಿ ಚೊಕ್ಕವಾಗಿ ಕಂಡಿತು.

“ಯಾರೋ ಪುಣ್ಯಾತ್ಮರು ಸುಣ್ಣ ಹಚ್ಯಾರ್ರಿ!” ಅಂದ ಮಾರುತಿ. ಖುಷಿಯಿಂದ ಮೂತಿಯನ್ನು ಅದಕ್ಕೆ ತಿರುಗಿಸಿದ.

ನನಗೂ ಖುಷಿಯೇ ಆಯಿತು. ಮಾವನವರ ಮನಸ್ಸು ಕರಗಿತು ಅಂದುಕೊಂಡೆ. ನಡುಹೊಳೆ ದಾಟಿದ್ದೆವು, ನಾವೆಯ ತಳ ಕರ್ ಎಂದು ಅರಚಿತು. ಮುಂದಿನ ತುದಿ ಎದ್ದು ಒಂದು ಕಡೆಗೆ ವಾಲಿತು. ಹಲಗೆ ಸೀಳಿ ನೀರು ಒಳಗೆ ಬರತೊಡಗಿತು. “ಬಂಧಾರಾ! ಬಂಧಾರಾ!” ಎಂದು ಮಾರುತಿ ಕೂಗಿದ. ಗಳ ಊರಿ ಎರಡು ಸಲ ನೂಕಿದ, ನಾವೆ ಅಲುಗಲಿಲ್ಲ. ನನ್ನ ಬಾಯಿಂದ ಣಮೋಕಾರ ಮಂತ್ರ ಒಂದೇ ಸಮನೆ ಬರುತ್ತಿತ್ತು. ಅಕ್ಕಾತಾಯಿ ಗಂಡನ ಪಟ್ಟಿ ಕಟ್ಟಿದ ಕೈಯನ್ನು ಎರಡೂ ಕೈಗಳಿಂದ ಮೇಲೆತ್ತಿ ಹಿಡಿದಿದ್ದಳು, ಅದಕ್ಕೆ ಹೊಳೆಯ ನೀರು ತಾಗಬಾರದೆಂದು. ತನ್ನ ಸೊಂಟದತನಕ ನೀರು ಬಂದದ್ದನ್ನು ನೋಡಲೂ ಇಲ್ಲ. ಕಡೆಗೆ ಸೆಳವೇ ನಮ್ಮನ್ನು ಕಂಬದಿಂದ ಜಾರಿಸಿ, ಕೆಳಗೆ ಒಯ್ದು, ಆಚೆ ದಂಡೆಯ ಮುಳುಗಿದ ಕಬ್ಬಿನೊಳಗೆ ತುರುಕಿತು. ಎಲ್ಲರೂ ಉಳಿದೆವು. ಕಬ್ಬಿನ ಎಲೆ ಗೀಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಬುಧವಾರ ಬೆಳಗ್ಗೆ ನಾವೆ ಬಂದ್ ಎಂಬ ಆದೇಶ ಬಂತು. ಬರಲೇಬೇಕಿತ್ತು, ಯಾರನ್ನೂ ಬಯ್ಯುವಂತಿರಲಿಲ್ಲ. ನಾನು ಆಚೆ ದಂಡೆಯಲ್ಲೇ ಸಿಕ್ಕಿಕೊಂಡೆ, ಅಕ್ಕಾತಾಯಿಯ ಮನೆಯಲ್ಲಿ. ಅವಳು ಎಮ್ಮೆ ಹಿಂಡಿದಳು, ರೊಟ್ಟಿ ಬಡಿದಳು, ಗಂಡನಿಗೆ ಅಳತೆಯ ನೀರು ಕೊಟ್ಟಳು. ಭರಮಾ ಅಣ್ಣ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಹೊಳೆ ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ಬಗೆಯ ನಿರಾಳ ಇತ್ತು, ಶಾಲೆಗೆ ರಜೆ ಸಿಕ್ಕ ಹುಡುಗರ ಹಾಗೆ.

“ನಾವ ನಿಂತದ್ದ ಭೇಷ್ ಆತ್ರಿ ವೈನಿ” ಅಂದರು. “ನಂದೂ ಸಾಕಾಗಿತ್ತು. ಇನ್ನ ಸುಮ್ಮ ಇಲ್ಲೇ ಕುಂದರ್ತೇನಿ.”

ನಾನು ಅಕ್ಕಾತಾಯಿಯ ಕಡೆ ನೋಡಿದೆ. ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ಆ ಮನೆಯಲ್ಲಿ ಆದಷ್ಟು ಹೆದರಿಕೆ ನನಗೆ ಹೊಳೆಯ ನಡುವೆಯೂ ಆಗಿರಲಿಲ್ಲ. ಶುಕ್ರವಾರ ತಪ್ಪಿದರೆ ಆ ಮನುಷ್ಯ ಮತ್ತೆ ನಾವೆ ಹತ್ತುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಗುರುವಾರ ಇಂಜಿನಿಯರ್ ಬಾಯಿ ಬಂದರು. ನೀರಾವರಿಯವರು, ಲಾತೂರ ಕಡೆಯ ಹುಡುಗಿ, ಸರಕಾರಿ ರಬ್ಬರ್ ಬೋಟಿನಲ್ಲಿ ಬಂಧಾರಾ ನೋಡಲು ಬಂದಿದ್ದರು. ಜೊತೆಗೆ ನಮ್ಮ ಮಾವನವರು, ಆದಗೊಂಡ ಅಣ್ಣ. ನನ್ನಂತೆ ಆಚೆಯೇ ಉಳಿದಿದ್ದ ಮಾರುತಿಯೂ ಬಂದು ಕೂಡಿಕೊಂಡ. ಇಬ್ಬರು ಚೇರಮನ್ನರೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ.

ಬಾಯಿಯವರು ಮೇಲಿನ ಜಾಕ್‌ವೆಲ್ಲಿನ ಕಟ್ಟೆಯ ಮೇಲೆ ನಿಂತು ಹೊಳೆ ನೋಡಿದರು, ಮಾರುತಿಯ ದಾರಿ ಕೇಳಿಕೊಂಡರು, ಕೆಳಗಿನ ಜಾಕ್‌ವೆಲ್ ನೋಡಿದರು. ಆಮೇಲೆ ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದರು: ಬಂಧಾರಾ ನಮ್ಮದು, ಅದರ ಎರಡೂ ತುದಿಗೆ ಬಾವುಟದ ಗಳ ನಾವು ನೆಡುತ್ತೇವೆ. ಈ ಬಿಳಿ ನಮ್ಮದಲ್ಲ. ಆದರೆ ಇದು ಒಳ್ಳೆಯ ಗುರುತು, ಇರಲಿ. ಬಿಳಿ ಒಂದೇ ಇರಬೇಕು, ಮೇಲಿನದೇ ಇರಬೇಕು. ದಿನಾ ನೋಡಿ, ಮಾಸಿದರೆ ಹಚ್ಚಿ, ಕಾಣದಿದ್ದರೆ ನಾವೆ ನಿಲ್ಲಿಸುವ ಒಬ್ಬರ ಹೆಸರು ಬೇಕು. ಇವತ್ತು ಇದಿಷ್ಟು ಆದರೆ ನಾಳೆ ನಾನು ಶಿಫಾರಸು ಕಳಿಸುತ್ತೇನೆ.

“ಕೋಣಾಚಂ ನಾಂವ ಲಿಹೂ?” ಯಾರ ಹೆಸರು ಬರೆಯಲಿ ಎಂದು ಕೇಳಿದರು.

ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಆ ಕನ್ನಡಕ ಅಷ್ಟು ಸ್ವಚ್ಛವಾದದ್ದು ನಾನು ಎಂದೂ ನೋಡಿಲ್ಲ. ಆದಗೊಂಡ ಅಣ್ಣನ ಮುಖ ಕೆಂಪಾಗಿತ್ತು. ನನ್ನ ಹೆಸರು ಹೇಳೋಣವೆಂದು ಬಾಯಿ ತೆರೆದೆ. ಆದರೆ ನಾನಿರುವುದು ಈಚೆ ದಂಡೆಗೆ. ಕಾಯುವವರು ಆಚೆ ಇರಬೇಕಿತ್ತು.

“ನಂದ ಬರೀರಿ.” ಕೊಟ್ಟಿಗೆಯ ಕಡೆಯಿಂದ ದನಿ ಬಂತು. ಅಕ್ಕಾತಾಯಿ.

“ಏ, ನಿನಗೇನ ತಿಳೀತದ ಅದರಾಗ?” ಅಂದರು ಭರಮಾ ಅಣ್ಣ.

“ನಿಮ್ಮ ಜೋಡಿ ವಾರಕ್ಕ ಎರಡ ಸಲ ದಾಟಾಕತ್ತೇನಿ. ಮತ್ತಿನ್ನೇನ ತಿಳೀಬೇಕು?”

ಬಾಯಿಯವರು ಹೆಸರು ಬರೆದುಕೊಂಡರು. ಹುದ್ದೆ ಏನು ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ. ಅಕ್ಕಾತಾಯಿ ಒಂದು ಗಳಿಗೆ ಯೋಚಿಸಿ, “ದಾಟಾಕಿ ಅಂತ ಬರೀರಿ” ಅಂದಳು. ಹೊಳೆ ದಾಟುವವಳು ಎಂದು ನಾನು ಅದನ್ನು ಮರಾಠಿಗೆ ಮಾಡಿ ಹೇಳಿದೆ. ಆ ಹುಡುಗಿ ನಗಲಿಲ್ಲ. ಹಾಗೆಯೇ ಬರೆದರು.

ಇನ್ನು ಕೆಳಗಿನ ಬಿಳಿ ಅಳಿಸಬೇಕಿತ್ತು. ಆದಗೊಂಡ ಅಣ್ಣ ಒಪ್ಪಲಿಲ್ಲ. “ನಾ ಚೊಲೋದಕ್ಕ ಮಾಡೇನಿ. ಬೆಳ್ಳಗ ಮಾಡಿದ್ದನ್ನ ನಾನ ಕರ್ರಗ ಮಾಡ್ಲಿ? ಊರಾಗ ಮಂದಿ ಏನಂದಾರು?” ಎಂದು ಜಾಕೆಟ್ಟಿನೊಳಗೇ ಉಬ್ಬಿ ನಿಂತರು. ಅವರಿಗೆ ಮನಸ್ಸಿಗೆ ಹತ್ತಿತ್ತು. ಮಾವನವರು ಎದುರಿಗೆ ನಿಂತಿದ್ದದ್ದು ಇನ್ನಷ್ಟು ಕೆಡುಕಾಯಿತು.

ಅಕ್ಕಾತಾಯಿ ವಾದಕ್ಕೆ ನಿಲ್ಲಲಿಲ್ಲ. ಎರಡು ಬಕೆಟ್ಟಿನಲ್ಲಿ ಎಮ್ಮೆಯ ಶಗಣಿ ಕಲಸಿದಳು, ಅಂಗಳ ಸಾರಿಸಲು ಕಲಸುವ ಹಾಗೆ. ಎರಡೂ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಕೆಳಗಿನ ಜಾಕ್‌ವೆಲ್ಲಿನ ಕಡೆ ನಡೆದಳು. ನಾವೆಲ್ಲ ಅವಳ ಹಿಂದೆ. ಮೆಟ್ಟಿಲು ಏರಿ ಮೇಲಿನ ಕಟ್ಟೆಯಿಂದ ಹೊಳೆಯ ಕಡೆಯ ಮೈಗೆ ಒಂದು ಬಕೆಟ್ ಹುಯ್ದಳು. ಬೆಳ್ಳನೆಯ ಮೈಮೇಲೆ ಹಸಿರು ಶಗಣಿ ಧಾರೆಧಾರೆಯಾಗಿ ಇಳಿಯಿತು.

“ಅಕ್ಕಾತಾಯೀ! ಅದು ಸಂಸ್ಥೆದ್ದು!” ಆದಗೊಂಡ ಅಣ್ಣ ಕೂಗಿದರು.

“ಹೌದ್ರಿ ಅಣ್ಣಾರ, ಸಂಸ್ಥೆದ್ದ.” ಅವಳು ಮೇಲಿಂದ ಬಾಗಿ ಹೇಳಿದಳು. “ಹೊಳಿ ಇಳಿದ ಮ್ಯಾಲೆ ನಾನ ತಿಕ್ಕಿ ತೊಳದ ಕೊಡ್ತೇನಿ. ಈಗ ಆ ಇನ್ನೊಂದ ಬಕೀಟ ಮ್ಯಾಲ ಕೊಡ್ರಿ, ನನಗ ಇಳದು ಏರಾಕ ಆಗವಲ್ದು.”

ಆದಗೊಂಡ ಅಣ್ಣ ಬಕೆಟ್ಟನ್ನು ನೋಡಿದರು, ನಮ್ಮ ಮಾವನವರನ್ನು ನೋಡಿದರು, ಕೆಸರಿನಲ್ಲಿ ಹೆಂಡತಿಯ ಹಿಂದೆ ಉಸಿರು ಹಿಡಿಯುತ್ತ ನಡೆದು ಬಂದಿದ್ದ ಭರಮಾ ಅಣ್ಣನನ್ನು ನೋಡಿದರು. ಏನನ್ನಿಸಿತೋ, ಬಕೆಟ್ ಎತ್ತಿಕೊಂಡು ಮೆಟ್ಟಿಲು ಏರಿದರು. ಅವರ ಬಿಳಿ ಪೈಜಾಮದ ಮೇಲೆ ಶಗಣಿ ತುಳುಕಿತು. ಮಾವನವರು ನನ್ನ ಕಡೆ ತಿರುಗಿ, “ಮೋಟಾರ ಖೋಲ್ಯಾಗ ಹ್ವಾದ ವರ್ಷದ ಸುಣ್ಣದ ಚೀಲ ಐತೇನ ನೋಡವ್ವಾ” ಅಂದರು. ಇತ್ತು. ಅಂದು ಮಧ್ಯಾಹ್ನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಮೇಲಿನ ಜಾಕ್‌ವೆಲ್ಲಿಗೆ ಗಳಕ್ಕೆ ಕುಂಚ ಕಟ್ಟಿ ಸುಣ್ಣ ಹಚ್ಚಿದವರಲ್ಲಿ ನಮ್ಮ ಮಾವನವರೂ ಒಬ್ಬರು.

ಸಂಜೆ ರಬ್ಬರ್ ಬೋಟು ಮಾರುತಿಯನ್ನೂ ಕರೆದುಕೊಂಡು ಮರಳಿತು, ನೀವೂ ಹತ್ತಿ ಅಂದರೆ ಭರಮಾ ಅಣ್ಣ ಒಲ್ಲೆ ಅಂದರು, ಅವರನ್ನು ಬಿಟ್ಟು ನಾನೂ ಹೋಗಲಿಲ್ಲ. ಶುಕ್ರವಾರ ಒಪ್ಪಿಗೆ ಬರಲಿಲ್ಲ. ಭರಮಾ ಅಣ್ಣನ ಕಾಲು ಬಾತವು, ಮಾತಿನ ನಡುವೆ ಉಸಿರು ಸಾಲದಾಯಿತು. ಅಕ್ಕಾತಾಯಿ ಅವರ ಆಸ್ಪತ್ರೆಯ ಚೀಲ ಜೋಡಿಸಿ ಬಾಗಿಲಲ್ಲಿ ಇಟ್ಟಳು, ನಾಳೆ ಹೋಗುವುದು ಖರೆ ಅನ್ನುವಂತೆ. ಶನಿವಾರ ಬೆಳಗ್ಗೆ ನನ್ನ ಫೋನ್ ರಿಂಗಾಯಿತು, ಒಪ್ಪಿಗೆ ಬಂದಿತ್ತು. ತಪಾಸಣೆಯಾದ ಇನ್ನೊಂದು ನಾವೆಯನ್ನು ಮಾರುತಿ ಕುರುಂದವಾಡದಿಂದ ತಂದಿದ್ದ. ಈಚೆ ದಂಡೆಯಿಂದ ಬರುವಾಗ ಅದರ ಮೂತಿ ನೆಟ್ಟಗೆ ನಮ್ಮ ಬಿಳಿಗಿತ್ತು. ಅದನ್ನು ನೋಡುತ್ತ ನಾನು ಅತ್ತುಬಿಟ್ಟೆ. ಭರಮಾ ಅಣ್ಣ ಹೊರಡಲು ಒಲ್ಲೆ ಎಂದು ಇನ್ನೊಮ್ಮೆ ಹಟ ಹಿಡಿದರು.

“ಸಾಕ ಬಿಡ ಇವಳ.”

“ಸರಕಾರ್ದವರಿಗಿ ಹೆಸರ ಕೊಟ್ಟೇನಿ. ಈಗ ನೀವ ದಾಟ್ಲಿಲ್ಲಂದ್ರ ನನ್ನ ಮರ್ಯಾದಿ ಏನ ಉಳೀತು? ಏಳ್ರಿ.”

ಅವರು ಎದ್ದರು. ಬಯ್ಯುತ್ತ, ಏದುತ್ತ, ಅವಳ ಹೆಗಲು ಹಿಡಿದು ನಾವೆ ಹತ್ತಿದರು.

ಮುಂದಿನ ವಾರ ಆದಗೊಂಡ ಅಣ್ಣ ಕೆಂಪು ಬಣ್ಣದ ಡಬ್ಬಿಗಳೊಂದಿಗೆ ಬಂದರು. ಶಗಣಿ ಮಳೆಗೆ ನಿಲ್ಲುವುದಿಲ್ಲ, ತಮ್ಮ ಜಾಕ್‌ವೆಲ್ಲಿಗೆ ಕೆಂಪು ಹಚ್ಚಿಸಿದರೆ ಹೇಗೆ ಎಂದು ಇಂಜಿನಿಯರ್ ಬಾಯಿಯನ್ನು ತಾವೇ ಕೇಳಿ ಒಪ್ಪಿಗೆ ತಂದಿದ್ದರು. ಬಿಳಿ ಕಂಡರೆ ಹೋಗು, ಕೆಂಪು ಕಂಡರೆ ದೂರ ಸರಿ. “ಈಗ ಗುರುತು ಎರಡಾದ್ವು. ನಮ್ದೂ ಒಂದು” ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅವರ ಕೆಂಪಿನ ಬಗ್ಗೆ ಮಾವನವರು ಯಾವ ಕೊಂಕೂ ಆಡಲಿಲ್ಲ. ನಾನು ಅವರ ಚಹಾಕ್ಕೆ ಸಕ್ಕರೆ ಸರಿಯಾಗಿ ಹಾಕತೊಡಗಿದೆ.

ಆ ಮಳೆಗಾಲ ಹೊಳೆ ಎರಡು ಸಲ ಏರಿ ಇಳಿಯಿತು. ತೀರಾ ಏರಿದಾಗ ಅಕ್ಕಾತಾಯಿಯೇ ಫೋನ್ ಮಾಡಿ ನಾವೆ ನಿಲ್ಲಿಸುತ್ತಿದ್ದಳು, ಅಂಥ ದಿನಗಳ ಮುಂಚೆ ಗಂಡನನ್ನು ಬೈದು ನಮ್ಮ ಮನೆಗೆ ಕರೆತಂದು ಇಟ್ಟುಕೊಳ್ಳುತ್ತಿದ್ದಳು. ಈಗ ಅವರು ಬರುತ್ತಿದ್ದರು. ಮುಂದೆ ಒಂದು ಸರದಿಯೂ ತಪ್ಪಲಿಲ್ಲ. ನಮ್ಮ ಜೋಕಾಲಿಯಲ್ಲಿ ಮಾವನವರ ಪಕ್ಕ ಕೂತು, ಅಳತೆಯ ಅರ್ಧ ಲೋಟ ಚಹಾ ಕುಡಿಯುತ್ತ, ಕಬ್ಬಿನ ಮಾತು ಆಡುತ್ತಿದ್ದರು. ದಸರೆಗೆ ಹೊಳೆ ತಿಳಿಯಾಯಿತು, ಬಂಧಾರೆಗೆ ಹಲಗೆ ಇಳಿದವು, ದಾರಿ ತೆರೆಯಿತು. ದೀಪಾವಳಿಯಾದ ಮೇಲೆ ಒಂದು ಮಧ್ಯಾಹ್ನ ಉಂಡು ಮಲಗಿದ ಭರಮಾ ಅಣ್ಣ ಏಳಲಿಲ್ಲ. ತಮ್ಮ ಮನೆಯ ಪಡಸಾಲೆಯಲ್ಲೇ ಹೋದರು.

ಮತ್ತೆ ಬಿಸಿಲು ಬಂತು. ಹಲಗೆ ತೆಗೆಯುವ ದಿನ ಹತ್ತಿರವಾದಾಗ ಕಚೇರಿಯಿಂದ ನನಗೆ ಫೋನ್. ಪರವಾನಗಿ ಹೊಸದು ಮಾಡಬೇಕು, ಜವಾಬ್ದಾರರ ಹೆಸರು ಬದಲಿಸುವುದಿದೆಯೇ? ನಾನು ಬಂಧಾರೆಯ ಮೇಲಿಂದ ನಡೆದು ಆಚೆ ಹೋದೆ. ಅಕ್ಕಾತಾಯಿ ಕಬ್ಬಿನ ಸೋಗೆಯ ಹೊರೆ ಕಟ್ಟುತ್ತಿದ್ದಳು. ಈಗ ವಾರಕ್ಕೆರಡು ಸಲ ದಾಟುವ ಕೆಲಸ ಅವಳಿಗಿರಲಿಲ್ಲ. ಹೇಗೆ ಕೇಳುವುದೆಂದು ತಿಳಿಯದೆ ಸುತ್ತಿ ಬಳಸಿ ಹೇಳಿದೆ. ಬೇಡವಾದರೆ ಬೇಡ, ಬೇರೆ ಯಾರದಾದರೂ ಹಾಕಿಸೋಣ ಅಂದೆ.

ಅವಳು ಹೊರೆಯ ಮೇಲೆ ಮೊಣಕಾಲೂರಿ ಹಗ್ಗ ಬಿಗಿದಳು.

“ಅವ್ರ ಸಲುವಾಗಿ ಕೊಟ್ಟಿದ್ದು ಖರೆ ವೈನಿ. ಆದ್ರ ಹೆಸರು ನಂದು. ನಾ ಇನ್ನೂ ಅದೀನಲ್ಲ?”

ಹೊರೆ ತಲೆಗೆ ಎತ್ತಿಕೊಡಲು ನನಗೆ ಹೇಳಿದಳು. ಎತ್ತಿಕೊಟ್ಟೆ.